ಹೊನ್ನಯ್ಯನ ಹಳದಿ ಚೀಟಿಗಳು

ಅರಸೀಕೆರೆಯ ಆ ಹೆರಿಗೆ ಆಸ್ಪತ್ರೆಯಲ್ಲಿ ಹೊನ್ನಯ್ಯನಿಗೆ ಎರಡು ಹೆಸರಿದ್ದವು. ಹಾಜರಿ ಪುಸ್ತಕದಲ್ಲಿ ರೆಕಾರ್ಡ್ ಗುಮಾಸ್ತ ಬಿ. ಹೊನ್ನಯ್ಯ. ಬೆನ್ನ ಹಿಂದೆ ತವರುಮನೆ ಹೊನ್ನಯ್ಯ. ಕೌಂಟರಿಗೆ ಯಾವ ಬಸುರಿ ಬಂದರೂ ಹೆಸರು ಕೇಳುವ ಮೊದಲೇ "ನಿನ್ ತವರು ಯಾವೂರವ್ವ?" ಎಂದು ಕೇಳುತ್ತಿದ್ದನಲ್ಲ, ಅದಕ್ಕೆ. ಗಂಡಸಿಗೇಕೆ ಹೆಂಗಸರ ತವರಿನ ಉಸಾಬರಿ ಎಂದು ನರ್ಸುಗಳು ನಗುತ್ತಿದ್ದರು. ನಗುವವರು ನಗಲಿ ಎಂದು ಅವನೂ ಸುಮ್ಮನಿದ್ದ. ಯಾಕೆ ಕೇಳುತ್ತೀಯ ಎಂದು ಹದಿನೇಳು ವರ್ಷದಲ್ಲಿ ಒಬ್ಬರೂ ವಿಚಾರಿಸಲಿಲ್ಲ, ಅವನೂ ಹೇಳಲಿಲ್ಲ.

ಅವನ ಊರು ಹಳೇಬೀಡಿನ ಮಗ್ಗುಲ ಬಸ್ತಿಹಳ್ಳಿ. ಎಸ್ಸೆಸ್ಸೆಲ್ಸಿ ಪಾಸು ಮಾಡಿ ಎಪ್ಪತ್ತೆಂಟರಲ್ಲಿ ಅಟೆಂಡರಾಗಿ ಸೇರಿದವನು ಏಳು ವರ್ಷ ನಿಂತುಕೊಂಡೇ ಕೆಲಸ ಮಾಡಿದ. ಆಗಿನ ಮ್ಯಾನೇಜರಿಗೆ ಅವನು ಯಾವ ಕೇರಿಯವನೆಂದು ಗೊತ್ತಿತ್ತು. ಸ್ಟೂಲು ಖಾಲಿ ಬಿದ್ದಿದ್ದರೂ ಕೂರು ಎನ್ನಲಿಲ್ಲ. ಎಂಬತ್ತೈದರಲ್ಲಿ ಡಾಕ್ಟರ್ ಯದುಗಿರಿ ಬಂದರು. ಬಂದ ವಾರದಲ್ಲೇ ತಮ್ಮ ಕೋಣೆಯ ಬೆತ್ತದ ಕುರ್ಚಿಯೊಂದನ್ನು ರೆಕಾರ್ಡ್ ರೂಮಿಗೆ ಹಾಕಿಸಿ, "ಕೂತ್ಕೊಂಡು ಬರೀರಿ ಹೊನ್ನಯ್ಯ, ಅಕ್ಷರ ನೆಟ್ಟಗೆ ಬರುತ್ತೆ" ಎಂದರು. ಅಂದಿನಿಂದ ಆ ಕುರ್ಚಿ ಅವನದು. ಮೂರು ಸಲ ಹೆಣಿಗೆ ಹಾಕಿಸಿದ್ದ, ಬೇರೆ ಕುರ್ಚಿ ಕೊಡುತ್ತೇವೆಂದರೂ ಬದಲಾಯಿಸಿರಲಿಲ್ಲ.

ಕುರ್ಚಿ ಸಿಕ್ಕ ವರ್ಷವೇ ಒಂದು ಅನಾಹುತವೂ ಆಯಿತು. ರೂಮಿನಲ್ಲಿ ಊರಿಗೊಂದರಂತೆ ಮರದ ಗೂಡುಗಳು. ಯಾವ ಊರಿನ ಬಸುರಿಯೋ ಆ ಊರಿನ ಗೂಡಿನಲ್ಲಿ ಅವಳ ಕಾರ್ಡು. ತಿಂಗಳು ತಿಂಗಳು ತೋರಿಸಿಕೊಳ್ಳಲು ಬರುವಾಗ ಹೆಣ್ಣು ಇರುವುದು ಗಂಡನ ಮನೆಯಲ್ಲಿ, ಹಾಗಾಗಿ ಕಾರ್ಡು ಗಂಡನ ಊರಿನ ಗೂಡಿಗೆ ಹೋಗುತ್ತದೆ. ಏಳು ತಿಂಗಳಿಗೆ ಬಿದ್ದ ಮೇಲೆ ತವರಿನವರು ಬಂದು ಬಾಣಂತನಕ್ಕೆ ಕರೆದುಕೊಂಡು ಹೋಗುತ್ತಾರೆ. ನೋವು ಬಂದಾಗ ಗಾಡಿ ಹೊರಡುವುದು ತವರಿಂದ. ಆಸ್ಪತ್ರೆಯವರು ಕೊಟ್ಟ ನಂಬರ್ ಚೀಟಿ ಅತ್ತೆಮನೆಯ ಕನ್ನಡಿ ಹಿಂದೆ ಸಿಕ್ಕಿಸಿಕೊಂಡೇ ಇರುತ್ತದೆ. ಜೊತೆಗೆ ಬಂದ ತಾಯಿ ತನ್ನೂರು ಹೇಳುತ್ತಾಳೆ, ಇಂಥವರ ಮಗಳು ಎಂದು ತನ್ನ ಗಂಡನ ಹೆಸರು ಹೇಳುತ್ತಾಳೆ. ಆ ಊರಿನ ಗೂಡಿನಲ್ಲಿ ಹುಡುಕಿದರೆ ಕಾರ್ಡು ಎಲ್ಲಿಂದ ಬರಬೇಕು? ಆ ದಿನ ಹೊನ್ನಯ್ಯ ಮುಕ್ಕಾಲು ಗಂಟೆ ಹುಡುಕಿದ. ಕಾರ್ಡು ಸಿಕ್ಕುವ ಹೊತ್ತಿಗೆ ಆ ಹೆಣ್ಣುಮಗಳು ತೀರಿಕೊಂಡಿದ್ದಳು. ಬೇಗ ಸಿಕ್ಕಿದ್ದರೆ ಉಳಿಯುತ್ತಿದ್ದಳೇ ಎಂದು ಅವನು ಯಾರನ್ನೂ ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಮಾರನೆಯ ದಿನದಿಂದ ಹಳದಿ ಚೀಟಿ ಶುರುವಾಯಿತು. ಆಸ್ಪತ್ರೆಗೆ ಬರುತ್ತಿದ್ದ ಲಗ್ನಪತ್ರಿಕೆಗಳ ಹಳದಿ ಲಕೋಟೆಗಳನ್ನು ಕತ್ತರಿಸಿ ಬೆರಳುದ್ದದ ಚೀಟಿ ಮಾಡಿದ. ಕಾರ್ಡು ಗಂಡನೂರಿನ ಗೂಡಿಗೆ, ಚೀಟಿ ತವರೂರಿನ ಗೂಡಿಗೆ. ಚೀಟಿಯ ಮೇಲೆ ಹೆಣ್ಣಿನ ಹೆಸರು, ಅವಳ ಅಪ್ಪನ ಹೆಸರು, ಕಾರ್ಡು ಇರುವ ಊರು. ಡಾಕ್ಟರು ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ಏನಾದರೂ ಬರೆದಿದ್ದರೆ ಚೀಟಿಯ ಮೂಲೆಗೂ ಕೆಂಪು ಬಳಿಯುತ್ತಿದ್ದ. ಆಮೇಲೆ ಯಾವ ಕಾರ್ಡು ಕೇಳಿದರೂ ಎರಡು ನಿಮಿಷದಲ್ಲಿ ಹಾಜರು. ಹೊನ್ನಯ್ಯನ ತಲೆಯೇ ತಲೆ ಎಂದು ಡಾಕ್ಟರು ಹೊಗಳುವರು. ಚೀಟಿಯ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದಿರುವುದೇ ಅವನಿಗೆ ಹಿತವಾಗಿತ್ತು ಎಂದರೂ ತಪ್ಪಿಲ್ಲ.

ಎರಡು ಸಾವಿರದ ಎರಡನೇ ಇಸವಿ ಫೆಬ್ರವರಿಯಲ್ಲಿ ಆಸ್ಪತ್ರೆಗೆ ಕಂಪ್ಯೂಟರ್ ಬರುತ್ತದೆ ಎಂದಾಯಿತು. ಮೈಸೂರಿನ ಸಣ್ಣದೊಂದು ಕಂಪನಿ ಸಾಫ್ಟ್‌ವೇರ್ ಮಾಡಿಕೊಡುತ್ತದಂತೆ. ಮಾಡುವ ಮೊದಲು ಆಸ್ಪತ್ರೆಗೆ ಏನೇನು ಬೇಕು ಎಂದು ಬರೆದುಕೊಳ್ಳಲು ಮೇಧಿನಿ ಎಂಬ ಹುಡುಗಿಯನ್ನು ಕಳಿಸಿತು. ಇಪ್ಪತ್ತಾರರ ವಯಸ್ಸು, ಬೇಲೂರಿನವಳು, ಮನೆಯಿಂದಲೇ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಎದುರಿಗಿದ್ದವರು ಮಾತು ನಿಲ್ಲಿಸಿದ ಮೇಲೂ ಒಂದು ಗಳಿಗೆ ಕಾಯುವ ಅಭ್ಯಾಸ ಅವಳದು, ಇನ್ನೇನೋ ಬರುತ್ತದೆ ಎಂಬಂತೆ.

ಹೇಗೆ ಬರೆಯಬೇಕು ಎಂಬುದರಲ್ಲೇ ಮೊದಲ ಜಟಾಪಟಿ. ಆಡಳಿತಾಧಿಕಾರಿ ಶ್ರೀರಾಮ್ ಅವರ ಕೈಯಲ್ಲಿ ಕಂಪನಿಯ ಫಾರ್ಮ್ಯಾಟ್ ಇತ್ತು. ಸಿಬ್ಬಂದಿ ಸಹಿ ಹಾಕಬೇಕಲ್ಲ ಎಂದು ಅದನ್ನು ಸರ್ಕಾರಿ ಕನ್ನಡಕ್ಕೂ ತಂದಿದ್ದರು. ಇನ್ನೂರ ಹನ್ನೆರಡು ಸಾಲು, ಪ್ರತಿ ಸಾಲಿಗೂ ನಂಬರು, ಎಲ್ಲವೂ 'ತಕ್ಕದ್ದು' ಎಂದೇ ಮುಗಿಯುತ್ತಿದ್ದವು. ಹದಿನಾಲ್ಕನೆಯದು, 'ತಂತ್ರಾಂಶವು ರೋಗಿಯ ತಂದೆ ಅಥವಾ ಗಂಡನ ಹೆಸರನ್ನು ದಾಖಲಿಸತಕ್ಕದ್ದು'. ಹದಿನೈದನೆಯದು ಊರು.

"ಸರ್, ಇದರಲ್ಲಿ ಏನು ಬೇಕು ಅಂತ ಇದೆ, ಏನು ನಡೆಯುತ್ತೆ ಅಂತ ಇಲ್ಲ" ಎಂದಳು ಮೇಧಿನಿ. "ಒಬ್ಬರು ಬಾಗಿಲಿಗೆ ಬಂದಾಗಿಂದ ಮನೆಗೆ ಹೋಗೋವರೆಗೆ ಏನಾಗುತ್ತೆ, ಯಾರು ಏನು ಕೇಳ್ತಾರೆ, ಎಲ್ಲಿ ಎಡವಟ್ಟಾಗುತ್ತೆ, ಅದನ್ನ ಒಂದೊಂದು ಪ್ರಸಂಗದ ಥರ ಬರ್ಕೋತೀನಿ. ಆಮೇಲೆ ಬೇಕಾದ್ರೆ ನಂಬರ್ ಹಾಕೋಣ."

"ಕಥೆ ಬರೆಯೋಕೆ ನಿಮ್ಮನ್ನ ಕರೆಸಿಲ್ಲಮ್ಮ. ಮಾರ್ಚ್ ಮೂವತ್ತೊಂದಕ್ಕೆ ಟ್ರಸ್ಟ್ ಮೀಟಿಂಗು. ಅಷ್ಟರಲ್ಲಿ ಎಲ್ಲರ ಸಹಿ ಬೀಳಬೇಕು. ಸಾಲು ಓದಿ, ಟಿಕ್ ಹಾಕಿ, ಮುಂದಕ್ಕೆ ಹೋಗಿ."

ಅವಳು ಟಿಕ್ ಹಾಕುತ್ತಾ ರೆಕಾರ್ಡ್ ರೂಮಿಗೂ ಬಂದಳು. ಹೊನ್ನಯ್ಯ ಹದಿನಾಲ್ಕು ಹದಿನೈದನೇ ಸಾಲುಗಳನ್ನು ಎರಡೆರಡು ಸಲ ಓದಿದ. ಎಡವುವ ಜಾಗ ಎಲ್ಲಿದೆ ಎಂದು ಅವನಿಗೆ ಕೂಡಲೇ ಕಂಡಿತು. ತಂದೆ ಅಥವಾ ಗಂಡ ಅಂತೆ. ತಂದೆಯ ಹೆಸರು ಹೇಳಿದರೆ ಗಂಡನ ಹೆಸರಿನಲ್ಲಿರುವ ಕಾರ್ಡು ಸಿಕ್ಕುವುದು ಹೇಗೆ?

ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡ. ಕಾರ್ಡೆಲ್ಲ ಕಂಪ್ಯೂಟರಿಗೆ ಹೋದರೆ ಗೂಡುಗಳನ್ನು ಸೌದೆಗೆ ಹಾಕುತ್ತಾರೆ ಎಂದು ಹಿಂದಿನ ದಿನವೇ ಕೇಳಿದ್ದ. ಗೂಡು ಹೋದ ಮೇಲೆ ಅವನನ್ನೇಕೆ ಅಲ್ಲಿ ಇಟ್ಟುಕೊಳ್ಳುತ್ತಾರೆ? ಮತ್ತೆ ಬಾಗಿಲ ಬಳಿ ಟೋಕನ್ ಹಿಡಿದು ನಿಲ್ಲು ಎನ್ನುತ್ತಾರೆ. ಕಂಪ್ಯೂಟರಿಗೆ ಗೊತ್ತಿಲ್ಲದ್ದು ಒಂದಾದರೂ ತನ್ನ ಹತ್ತಿರ ಉಳಿದರೆ, ನಾಲ್ಕು ಸಲ ಅದು ತಡವರಿಸಿದರೆ, ಹೊನ್ನಯ್ಯ ಬೇಕೇ ಬೇಕು ಎಂದು ಅವರಾಗಿಯೇ ಹೇಳುತ್ತಾರೆ. ಇದೆಲ್ಲ ಅವನು ಕೂತು ಲೆಕ್ಕ ಹಾಕಿದ ಸಂಚೇನಲ್ಲ. ಭಯ ಬಂದವನಿಗೆ ಏನು ಹೊಳೆಯುತ್ತದೋ ಅದು ಹೊಳೆಯಿತು.

"ಬೇರೆ ಏನಾದ್ರೂ ಇದೆಯಾ ಹೊನ್ನಯ್ಯನವ್ರೆ?" ಎಂದು ಮೇಧಿನಿ ಕೇಳಿದಳು. ಕೇಳಿ, ತನ್ನ ಅಭ್ಯಾಸದಂತೆ ಕಾದಳು.

"ಅಷ್ಟೇ ಕಣವ್ವ."

ಅವಳು ಟಿಕ್ ಹಾಕಿಕೊಂಡು ಹೋದಳು. ಹೊನ್ನಯ್ಯ ಆ ದಿನದ ಬುತ್ತಿಯನ್ನು ಬಿಚ್ಚದೆಯೇ ಮನೆಗೆ ಒಯ್ದ.

ಸಹಿಗೆ ಮುಂಚೆ ಆ ಸಾಲುಗಳ ಪ್ರಕಾರ ಸಾಫ್ಟ್‌ವೇರಿನ ಸಣ್ಣ ನಮೂನೆಯೊಂದನ್ನು ಮಾಡಿ ನಾಲ್ಕು ದಿನ ಓಡಿಸಿ ನೋಡೋಣ ಎಂದು ಮೇಧಿನಿ ಹಟ ಹಿಡಿದು ಒಪ್ಪಿಸಿದಳು. ಆಗ ತೋರಿಸಿಕೊಳ್ಳುತ್ತಿದ್ದ ಬಸುರಿಯರ ಕಾರ್ಡುಗಳಲ್ಲಿದ್ದುದನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿ, ಕೌಂಟರಿನಲ್ಲಿ ತಾನೇ ಕೂತಳು. ಜನ ಹಳೇ ಚಾಳಿಗೆ ಬಿದ್ದು ಗೂಡಿನ ಕಡೆ ಓಡಬಾರದು ಎಂದು ಶ್ರೀರಾಮ್ ರೆಕಾರ್ಡ್ ರೂಮಿಗೆ ಬೀಗ ಹಾಕಿ ಕೀ ಜೇಬಿಗಿಳಿಸಿದರು. ಹೊನ್ನಯ್ಯನಿಗೆ ಕೌಂಟರಿನ ಪಕ್ಕ ಒಂದು ಬೆಂಚು ತೋರಿಸಿದರು. ಅವನ ಕುರ್ಚಿ ಬೀಗದ ಒಳಗೆ ಉಳಿಯಿತು.

ಮೂರು ದಿನ ಏನೂ ಆಗಲಿಲ್ಲ. ಬಂದವರೆಲ್ಲ ತಿಂಗಳ ತಪಾಸಣೆಯವರು, ಗಂಡನೂರಿನಿಂದಲೇ ಬಂದವರು. ಹೆಸರು ಒತ್ತಿದರೆ ಪರದೆ ಮೇಲೆ ಎಲ್ಲ ಬರುತ್ತಿತ್ತು. ಶ್ರೀರಾಮ್ ಬಂದು ಬಂದು ನೋಡಿ ಹಿಗ್ಗುತ್ತಿದ್ದರು. ಹೊನ್ನಯ್ಯ ಬೆಂಚಿನ ಮೇಲೆ ಮುಳ್ಳಿನ ಮೇಲೆ ಕೂತಂತೆ ಕೂತಿದ್ದ. ಕಂಪ್ಯೂಟರ್ ಒಮ್ಮೆ ಎಡವಲಿ ಎಂದು ಒಂದು ಮನಸ್ಸು, ದೇವರೇ ಎಡವದಿರಲಿ ಎಂದು ಇನ್ನೊಂದು.

ನಾಲ್ಕನೆಯ ದಿನ ಶನಿವಾರ. ಮಧ್ಯಾಹ್ನ ಎರಡೂವರೆಗೆ ಕಣಕಟ್ಟೆಯ ಟೆಂಪೋ ಒಂದು ಅಂಗಳಕ್ಕೆ ಬಂದು ನಿಂತಿತು. ಇಬ್ಬರು ಹೆಂಗಸರು ತೋಳು ಕೊಟ್ಟು ಒಬ್ಬ ಹುಡುಗಿಯನ್ನು ಇಳಿಸಿದರು. ತುಂಬಿದ ಬಸುರಿ. ನೋವಿಗೆ ತುಟಿ ಕಚ್ಚಿಕೊಂಡಿದ್ದಳು, ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ನರ್ಸು ಮಂಜುಳಾ ಓಡಿ ಬಂದು ಅವಳನ್ನು ನೇರ ಹೆರಿಗೆ ಕೋಣೆಗೆ ಕರೆದೊಯ್ದಳು. ಹುಡುಗಿಯ ತಾಯಿ ಮಾತ್ರ ಕೌಂಟರಿನಲ್ಲಿ ನಿಂತಳು. ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ಹೇಳಿದಳು.

"ಇಂದೂ ಅಂತ. ಮರುಳಪ್ಪನ ಮಗ್ಳು. ಕಣಕಟ್ಟೆ."

"ಮುಂಚೆ ಇಲ್ಲಿ ತೋರಿಸಿದ್ರಾ ಅಮ್ಮ?"

"ತೋರ್ಸಿದ್ವಿ. ಸ್ಕ್ಯಾನೂ ಮಾಡ್ಸಿದ್ರಂತೆ. ಹುಸಾರಾಗಿರು ಅಂದ್ರಂತೆ, ಅಷ್ಟೆಯ."

ಮೇಧಿನಿ ಒತ್ತಿದಳು. ಇಂದು, ಮರುಳಪ್ಪ, ಕಣಕಟ್ಟೆ. ದಾಖಲೆ ಇಲ್ಲ ಎಂದು ಬಂತು. ಇನ್ನೊಮ್ಮೆ ಒತ್ತಿದಳು. ಇಲ್ಲ. ಪಕ್ಕದಲ್ಲಿ ನಿಂತಿದ್ದ ಶ್ರೀರಾಮ್, "ಬೇರೆಲ್ಲೋ ತೋರಿಸಿರ್ತಾರೆ, ಇವರಿಗೆಲ್ಲ ಆಸ್ಪತ್ರೆ ಅಂದ್ರೆ ಒಂದೇ. ಹೊಸ ನಂಬರ್ ಕೊಡಿ" ಎಂದು ತಮ್ಮ ಕೋಣೆಗೆ ಹೋದರು. ಮೇಧಿನಿ ಹೊಸ ನಂಬರ್ ತೆಗೆಯತೊಡಗಿದಳು.

ಹೊನ್ನಯ್ಯ ಬೆಂಚಿನ ಮೇಲೆ ಕೂತಿದ್ದ. ಎದುರಿನ ಗೋಡೆ ಗಡಿಯಾರದಲ್ಲಿ ಎರಡೂ ಮೂವತ್ತೈದು. ಕಣಕಟ್ಟೆಯ ಗೂಡು ಅವನ ಕಣ್ಣಿಗೆ ಕಟ್ಟಿದ ಹಾಗಿತ್ತು. ಎಡಗಡೆ ಮೂರನೇ ಸಾಲು. ಅದರಲ್ಲಿ ಐದು ಹಳದಿ ಚೀಟಿ. ಒಂದರ ಮೂಲೆಯಲ್ಲಿ ಕೆಂಪು. ಅದು ಯಾರದು? ಹೆಸರು ನೆನಪಾಗಲಿಲ್ಲ. ಇವಳದೇ ಇರಬಹುದು, ಇಲ್ಲದೆಯೂ ಇರಬಹುದು. ಹೇಳಿದರೆ ಚೀಟಿ ಅಂದರೇನು ಎಂದು ಕೇಳುತ್ತಾರೆ. ಮೊನ್ನೆ ಕೇಳಿದಾಗ ಯಾಕೆ ಹೇಳಲಿಲ್ಲ ಎನ್ನುತ್ತಾರೆ. ಐದರಲ್ಲಿ ನಾಲ್ಕಕ್ಕೆ ಕೆಂಪಿಲ್ಲ, ಇವಳದಲ್ಲದಿರಬಹುದು. ಎರಡೂ ಮೂವತ್ತಾರು. ಕಂಪ್ಯೂಟರೇ ಹುಡುಕಿಕೊಂಡರೆ ಎಷ್ಟು ಚೆನ್ನ. ತಾಯಿ ಅವನ ಕಡೆ ನೋಡಿದಳು, ಸುಮ್ಮನೆ, ಯಾರನ್ನಾದರೂ ನೋಡಬೇಕಲ್ಲ ಎಂದು ನೋಡುವ ಹಾಗೆ. ಎರಡೂ ಮೂವತ್ತೇಳು. ಒಳಗಡೆ ನಲ್ಲಿ ಬಿಟ್ಟ ಸದ್ದು ಕೇಳಿತು. ಮಂಜುಳಾ ಕೈ ತೊಳೆಯುತ್ತಿದ್ದಾಳೆ. ಕೈ ತೊಳೆದು, ಗ್ಲೌಸು ಹಾಕಿ, ಒಳಪರೀಕ್ಷೆ ಮಾಡುತ್ತಾಳೆ.

ಎರಡೂ ಮೂವತ್ತೆಂಟಕ್ಕೆ ಹೊನ್ನಯ್ಯ ಎದ್ದ.

"ಅಮ್ಮಾ, ಇವ್ಳನ್ನ ಕೊಟ್ಟಿರೋ ಊರು ಯಾವ್ದು?"

"ಹಾರನಹಳ್ಳಿ ಕಣಪ್ಪ. ಗಂಗಯ್ಯನ ಮನೆಗೆ."

ಹಾರನಹಳ್ಳಿ ಎಂದದ್ದೇ ತಡ, ಚೀಟಿಯ ಮೇಲಿನ ತನ್ನದೇ ಅಕ್ಷರ ಅವನಿಗೆ ಕಂಡುಬಿಟ್ಟಿತು. ಕೆಂಪು ಮೂಲೆಯದೇ. ಹೆರಿಗೆ ಕೋಣೆಯ ಕಡೆ ಓಡಿದ. ಇಪ್ಪತ್ತನಾಲ್ಕು ವರ್ಷದಲ್ಲಿ ಆ ಹಸಿರು ಪರದೆಯಾಚೆ ಅವನು ಕಾಲಿಟ್ಟವನಲ್ಲ. ಪರದೆ ಹಿಡಿದುಕೊಂಡು, ಮುಖ ಗೋಡೆಗೆ ತಿರುಗಿಸಿ, ಗಂಟಲು ಹರಿಯುವ ಹಾಗೆ ಕೂಗಿದ.

"ಮಂಜುಳಮ್ಮಾ, ಆ ಹುಡುಗೀನ ಮುಟ್ಬೇಡಿ. ಕಾರ್ಡಲ್ಲಿ ಕೆಂಪು ಐತೆ. ಡಾಕ್ಟ್ರಮ್ಮ ಬರೋಗಂಟ ಮುಟ್ಬೇಡಿ."

ಮಂಜುಳಾ ಒಂದು ಕೈಗೆ ಗ್ಲೌಸು ಏರಿಸಿದ್ದಳು. ಹಾಗೇ ನಿಂತಳು. ಹೊನ್ನಯ್ಯ ಅಲ್ಲಿಂದ ಶ್ರೀರಾಮ್ ಅವರ ಕೋಣೆಗೆ ನುಗ್ಗಿ ಕೀ ಕೇಳಿದ. ಯಾಕೆ, ಏನು, ಯಾರು ಹೇಳಿದ್ದು ಎಂದು ಅವರು ಶುರು ಮಾಡಿದರು. ಹೊನ್ನಯ್ಯ ಕೈ ಚಾಚಿಕೊಂಡು ನಿಂತೇ ಇದ್ದ. ಅವನ ಮುಖದಲ್ಲಿ ಏನು ಕಂಡರೋ, ಮಾತು ಅರ್ಧಕ್ಕೆ ಬಿಟ್ಟು ಕೀ ಕೊಟ್ಟರು. ಕಣಕಟ್ಟೆಯ ಗೂಡಿನಿಂದ ಚೀಟಿ, ಹಾರನಹಳ್ಳಿಯ ಗೂಡಿನಿಂದ ಕಾರ್ಡು. ಅಷ್ಟರಲ್ಲಿ ಡಾಕ್ಟರ್ ಯದುಗಿರಿ ಮಹಡಿಯಿಂದ ಇಳಿದು ಬಂದಿದ್ದರು. ಕಾರ್ಡಿನ ಕೆಂಪು ಸಾಲು ಅವರದೇ ಕೈಬರಹ. ಮಗುವಿನ ಕಸ, ಅಂದರೆ ಮಾಸು, ಗರ್ಭದ ಬಾಯಿಗೆ ಅಡ್ಡ ಕೂತಿದೆ, ಒಳಪರೀಕ್ಷೆ ಮಾಡಬಾರದು, ನೇರ ಆಪರೇಷನ್. ಕೈ ತಗುಲಿದ್ದರೆ ನಿಲ್ಲಿಸಲಾಗದಷ್ಟು ರಕ್ತ ಹೋಗುತ್ತಿತ್ತು.

"ಥಿಯೇಟರ್ ರೆಡಿ ಮಾಡಿ" ಎಂದಷ್ಟೇ ಹೇಳಿ ಡಾಕ್ಟರು ಒಳಗೆ ಹೋದರು.

ನಾಲ್ಕೂಕಾಲಿಗೆ ಮಗು ಅತ್ತಿತು. ಹೆಣ್ಣು. ಇಂದುವೂ ಉಳಿದಳು. ಹೊನ್ನಯ್ಯ ರೆಕಾರ್ಡ್ ರೂಮಿನ ನೆಲದ ಮೇಲೆ ಕೂತುಕೊಂಡಿದ್ದ. ಕುರ್ಚಿ ಎದುರಿಗೇ ಇತ್ತು, ಕೂರಲು ಮನಸ್ಸಾಗಲಿಲ್ಲ.

ಸಂಜೆ ಡಾಕ್ಟರು, ಶ್ರೀರಾಮ್, ಮೇಧಿನಿ ಮೂವರೂ ಅಲ್ಲಿಗೇ ಬಂದರು. ಹೊನ್ನಯ್ಯ ಚೀಟಿಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಹಾಕಿ, ಎಂಬತ್ತೈದರಿಂದ ನಡೆದದ್ದನ್ನು ಹೇಳಿದ. ಡಾಕ್ಟರು ಒಂದೊಂದೇ ಚೀಟಿ ಎತ್ತಿ ನೋಡಿದರು.

"ಇದನ್ನ ಮೇಧಿನಿ ಕೇಳಿದಾಗ ಯಾಕ್ರೀ ಹೇಳ್ಲಿಲ್ಲ?"

"ಹೇಳಿದ್ರೆ ನನ್ ಕುರ್ಚಿ ಹೋಗ್ತಿತ್ತು ಡಾಕ್ಟ್ರಮ್ಮ. ಅದಕ್ಕೇ ಬಚ್ಚಿಟ್ಕೊಂಡೆ."

ಡಾಕ್ಟರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದ. ಅವರು ಆ ಬೆತ್ತದ ಕುರ್ಚಿಯನ್ನು ನೋಡಿದರು. ಆಮೇಲೆ ಶ್ರೀರಾಮ್ ಕಡೆ ತಿರುಗಿ, "ಮೂವತ್ತೊಂದನೇ ತಾರೀಖು ಮರೆತುಬಿಡಿ. ಈ ಹುಡುಗಿ ಹೇಗೆ ಬರೀಬೇಕು ಅಂತಾಳೋ ಹಾಗೆ ಬರೀಲಿ" ಎಂದರು.

ಮೇಧಿನಿ ಮರುದಿನದಿಂದ ಫಾರ್ಮ್ಯಾಟನ್ನು ಪಕ್ಕಕ್ಕಿಟ್ಟು, ಮುದ್ರಣ ತಪ್ಪಾಗಿ ಮೂಲೆ ಸೇರಿದ್ದ ಹಳೇ ಕಾರ್ಡುಗಳ ಕಟ್ಟೊಂದನ್ನು ಬಿಚ್ಚಿದಳು. ಒಂದು ಕಾರ್ಡಿನ ಹಿಂಬದಿಗೆ ಒಂದು ಪ್ರಸಂಗ. ತವರಿಂದ ಬಂದವಳು. ಗಂಡನ ಹೆಸರು ಬಾಯಿಬಿಟ್ಟು ಹೇಳದವಳು. ಅಕ್ಕನ ನಂಬರ್ ಚೀಟಿ ಹಿಡಿದು ಬಂದ ತಂಗಿ. ಹೊನ್ನಯ್ಯ ಹೇಳುವನು, ಅವಳು ಬರೆಯುವಳು. ಪ್ರತಿ ಕಾರ್ಡಿನ ಕೊನೆಗೆ ಒಂದೇ ಪ್ರಶ್ನೆ, "ಇದಕ್ಕೆ ಕಂಪ್ಯೂಟರ್ ಏನು ಮಾಡಬೇಕು?" ಅವನು ಯೋಚಿಸಿ ಉತ್ತರ ಕೊಟ್ಟರೆ ಅದೇ ಆ ಕಾರ್ಡಿನ ಬೇಡಿಕೆ. ಕೆಳಗೆ ಬಿ.ಹೊ. ಎಂದು ಗೀಚುವನು. ತಂದೆ ಅಥವಾ ಗಂಡ ಎಂಬ ಒಂದೇ ಖಾನೆ ಹೋಗಿ, ತಂದೆಗೊಂದು, ಗಂಡನಿಗೊಂದು, ತವರೂರಿಗೊಂದು ಆದವು. ಕೆಂಪು ಸಾಲಿದ್ದವರ ಹೆಸರು ಎಲ್ಲಿಂದ ಹುಡುಕಿದರೂ ಕೆಂಪಾಗಿಯೇ ಬರಬೇಕು ಎಂದಾಯಿತು.

ಈ ನಡುವೆ ಆಸ್ಪತ್ರೆಯಲ್ಲಿ ಹೊನ್ನಯ್ಯ ದೊಡ್ಡ ಮನುಷ್ಯನಾಗಿಬಿಟ್ಟ. ಟ್ರಸ್ಟಿನವರು ಶಾಲು ಹೊದಿಸಿದರು. ಮಂಜುಳಾ ಕಂಡವರಿಗೆಲ್ಲ ಗ್ಲೌಸಿನ ಕಥೆ ಹೇಳಿದಳು. ಇಂದುವಿನ ತಾಯಿ ಎಳ್ಳುಂಡೆ ಕಟ್ಟಿಕೊಂಡು ಬಂದು, "ನೀನು ಇಲ್ದಿದ್ರೆ ನನ್ ಮಗ್ಳು ಇರ್ತಿರ್ಲಿಲ್ಲ ಕಣಪ್ಪ" ಎಂದು ಅವನ ಎರಡೂ ಕೈ ಹಿಡಿದುಕೊಂಡಳು. ಹೊನ್ನಯ್ಯನಿಗೆ ಕೈ ಬಿಡಿಸಿಕೊಂಡು ಓಡಿಹೋಗಬೇಕೆನಿಸಿತು. ಎಳ್ಳುಂಡೆಯನ್ನು ಮನೆಗೆ ಒಯ್ಯಲಿಲ್ಲ, ವಾರ್ಡಿನಲ್ಲಿ ಹಂಚಿದ. ಚೀಟಿ ಬಚ್ಚಿಟ್ಟದ್ದು ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಕ್ಷಮಿಸಿದ್ದರು. ಗಡಿಯಾರದ ಆ ಮೂರು ನಿಮಿಷ ಅವನೊಬ್ಬನಿಗೆ ಗೊತ್ತಿತ್ತು. ಗೋಡೆ ಗಡಿಯಾರ ಕಾಣದ ಹಾಗೆ ಬೆನ್ನು ತಿರುಗಿಸಿ ಕೂರುವುದು ಅವನಿಗೆ ರೂಢಿಯಾಯಿತು.

ಏಪ್ರಿಲ್ ಕೊನೆಯ ವಾರ ಬರವಣಿಗೆ ಮುಗಿಯಿತು. ಅರವತ್ತೊಂದು ಕಾರ್ಡು. ಮುಂದಿನ ತಿಂಗಳಿಂದ ಹೊನ್ನಯ್ಯನಿಗೆ ಔಷಧಿ ಸ್ಟೋರಿನಲ್ಲಿ ಕೆಲಸ ಎಂದು ಆದೇಶವೂ ಬಂದಿತ್ತು. ಅಲ್ಲಿ ಕುರ್ಚಿ ಇದೆಯೋ ಇಲ್ಲವೋ ಅವನು ವಿಚಾರಿಸಲಿಲ್ಲ. ಮೇಧಿನಿ ಕಾರ್ಡುಗಳನ್ನು ದಾರದಲ್ಲಿ ಕಟ್ಟುತ್ತಾ, ಬೇಲೂರು ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ನೋಡಿಕೊಂಡು ಕೇಳಿದಳು.

"ಬೇರೆ ಏನಾದ್ರೂ ಇದೆಯಾ ಹೊನ್ನಯ್ಯನವ್ರೆ?"

ಕೇಳಿ, ಕಾದಳು.

ಹೊನ್ನಯ್ಯ ಕುರ್ಚಿಯಿಂದ ಎದ್ದು ನಿಂತ. "ಐತೆ. ಇನ್ನೊಂದು ಕಾರ್ಡು ತಗಳವ್ವ."

ಅವಳು ಕಟ್ಟಿದ ದಾರ ಬಿಚ್ಚಿ, ಖಾಲಿ ಕಾರ್ಡೊಂದನ್ನು ತೆಗೆದುಕೊಂಡಳು.

"ಬರ್ಕೊ. ಒಂದು ಶನಿವಾರ, ಮಧ್ಯಾಹ್ನ. ಒಬ್ಬ ಗುಮಾಸ್ತ ಬೆಂಚಿನ ಮ್ಯಾಲೆ ಕೂತಿದ್ದ. ಒಂದು ಬಸುರಿ ಹೆಂಗ್ಸು ತವರಿಂದ ಬಂದ್ಲು. ಕಂಪ್ಯೂಟರಲ್ಲಿ ಅವ್ಳ ದಾಖಲೆ ಸಿಗ್ಲಿಲ್ಲ. ಗುಮಾಸ್ತನಿಗೆ ಎಲ್ಲೈತೆ ಅಂತ ಗೊತ್ತಿತ್ತು. ಎರಡೂ ಮೂವತ್ತೈದಕ್ಕೆ ಗೊತ್ತಿತ್ತು. ಎರಡೂ ಮೂವತ್ತೆಂಟರಗಂಟ ಹೇಳ್ಲಿಲ್ಲ."

ಮೇಧಿನಿಯ ಪೆನ್ನು ನಿಂತಿತು. ಅವಳು ತಲೆ ಎತ್ತಿ ಅವನ ಮುಖ ನೋಡಿದಳು.

"ನಿಲ್ಲಿಸ್ಬ್ಯಾಡ, ಬರಿ" ಎಂದ ಹೊನ್ನಯ್ಯ.

ಅವಳು ಬರೆದು ಮುಗಿಸಿದಳು. ಸಣ್ಣ ದನಿಯಲ್ಲಿ, ಉಳಿದೆಲ್ಲದಕ್ಕೂ ಕೇಳಿದ್ದನ್ನೇ ಇದಕ್ಕೂ ಕೇಳಿದಳು. "ಇದಕ್ಕೆ ಕಂಪ್ಯೂಟರ್ ಏನು ಮಾಡಬೇಕು?"

"ಒಬ್ಬನಿಗೇ ಗೊತ್ತಿರೋದು ಅಂತ ಇಲ್ಲಿ ಯಾವ್ದೂ ಉಳೀಬಾರ್ದು. ಹಂಗೆ ಮಾಡಕ್ಕಾಯ್ತದಾ?"

"ನೋಡ್ತೀನಿ" ಎಂದಳು ಮೇಧಿನಿ. "ಇದನ್ನ ಡಾಕ್ಟರ್ ಓದ್ತಾರೆ ಹೊನ್ನಯ್ಯನವ್ರೆ."

"ಓದ್ಲಿ ಅಂತಲೇ ಹೇಳಿದ್ದು."

ಪೆನ್ನು ತೆಗೆದುಕೊಂಡು ಕಾರ್ಡಿನ ಮೇಲೆ ಬಗ್ಗಿದ. ಉಳಿದ ಅರವತ್ತೊಂದಕ್ಕೂ ಬಿ.ಹೊ. ಎಂದು ಗೀಚಿದ್ದವನು ಇದರ ಕೆಳಗೆ ತನ್ನ ಪೂರ್ತಿ ಹೆಸರು ಬರೆದ. ನಿಂತುಕೊಂಡೇ ಬರೆದದ್ದರಿಂದ ಅಕ್ಷರ ಸ್ವಲ್ಪ ವಾರೆಯಾಯಿತು.